ನಾಲ್ಕನೆಯ ಬಿಲ್ಲೆ: 60ರಿಂದ 180ಕ್ಕೆ

ಅತಿವಾಹಕದ, ಅಂದರೆ ಸಾಕಷ್ಟು ತಣಿಸಿದಾಗ ರೋಧವಿಲ್ಲದೆ ಕರೆಂಟು ಹರಿಸುವ ವಸ್ತುವಿನ, ಬಿಲ್ಲೆಗಳನ್ನು ನಾನೇ ಪುಡಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಮಾಡುತ್ತಿದ್ದೇನೆ. ಮೂರನೆಯ ಬಿಲ್ಲೆಯು ದ್ರವ ಸಾರಜನಕದಲ್ಲಿ ಮುಳುಗಿ ಪುಟ್ಟ ಕಾಂತವೊಂದನ್ನು ತೇಲಿಸಿದ್ದನ್ನು ಕಳೆದ ಸಲ ಬರೆದಿದ್ದೆ. ನೋಡುವವರಿಗೆ ಅದು ಚೆಂದ, ಆದರೆ ಬಿಲ್ಲೆ ಎಷ್ಟು ಕರೆಂಟನ್ನು ಹೊರಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಬಿಲ್ಲೆಯೊಳಗಿನ ಒಂದೊಂದು ಹರಳುಕಣವೂ ತನ್ನಷ್ಟಕ್ಕೆ ತಾನು ಕಾಂತಕ್ಷೇತ್ರವನ್ನು ಹೊರದೂಡಿದರೆ ಕಾಂತ ತೇಲುತ್ತದೆ. ಕರೆಂಟು ಮಾತ್ರ ಕಣದಿಂದ ಕಣಕ್ಕೆ ಗಡಿ ದಾಟಿಕೊಂಡೇ ಹೋಗಬೇಕು.

ಆದ್ದರಿಂದ ಬಿಲ್ಲೆಯಿಂದ 2 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಕಡ್ಡಿಯೊಂದನ್ನು ಕೊಯ್ದು, ಬೆಳ್ಳಿಯ ಲೇಪದಿಂದ ನಾಲ್ಕು ತಂತಿಗಳನ್ನು ಅಂಟಿಸಿದೆ: ಹೊರಗಿನ ಎರಡು ಕರೆಂಟಿಗೆ, ಒಳಗಿನ ಎರಡು ವೋಲ್ಟೇಜಿಗೆ. ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಕಾಣಿಸಿಕೊಂಡಾಗಿನ ಕರೆಂಟನ್ನೇ ಮಿತಿಯೆಂದು ಹಿಡಿಯುವುದು ಈ ಕ್ಷೇತ್ರದ ರೂಢಿ. ನನ್ನ ಕಡ್ಡಿ 1.8 ಆಂಪಿಯರಿಗೇ ಸೋತಿತು, ಅಂದರೆ ಚದರ ಸೆಂಟಿಮೀಟರಿಗೆ 60 ಆಂಪಿಯರ್. ಮನೆಯ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ತಂತಿ 10 ಆಂಪಿಯರ್ ಹೊತ್ತರೆ ಲೆಕ್ಕ 660 ದಾಟುತ್ತದೆ. ರೋಧವೇ ಇಲ್ಲದ ವಸ್ತುವೊಂದು ಅಂಗಡಿಯ ತಾಮ್ರದ ಮುಂದೆ ಹೀಗೆ ತಲೆತಗ್ಗಿಸಿದ್ದು ನನಗೆ ನಿಜಕ್ಕೂ ಕಸಿವಿಸಿಯಾಯಿತು.

ಮೊದಲ ತಪ್ಪು ನನ್ನದೇ. ಹಾಗೇ ಒಣಗಿಸಿದ ಬೆಳ್ಳಿಯ ಲೇಪದ ಜೋಡಣೆಯಲ್ಲಿ ರೋಧ ಉಳಿದಿರುತ್ತದೆ. ಕರೆಂಟು ಏರಿಸಿದಂತೆ ಆ ಚುಕ್ಕಿಯೇ ಕಾದು ಕಡ್ಡಿಯನ್ನೂ ಬಿಸಿಮಾಡುತ್ತದೆ. ಈ ವಸ್ತು, ಅಂದರೆ ಇಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡು, ಅತಿವಾಹಕವಾಗುವುದು ಸುಮಾರು 92 ಕೆಲ್ವಿನ್‌ನಲ್ಲಿ. ದ್ರವ ಸಾರಜನಕ 77ರಲ್ಲಿ ಕುದಿಯುತ್ತದೆ. ನಡುವಿನ 15 ಡಿಗ್ರಿಯ ಅಂತರವನ್ನು ಕೆಟ್ಟ ಜೋಡಣೆಯೊಂದು ನುಂಗಿಹಾಕುವುದು ಕಷ್ಟವಲ್ಲ. ನಾಲ್ಕನೆಯ ಬಿಲ್ಲೆಯ ಕಡ್ಡಿಗೆ ಬೆಳ್ಳಿ ಹಚ್ಚಿ, ಆಮ್ಲಜನಕ ಹರಿಯುವ ಕೊಳವೆಯಲ್ಲಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಇಡೀ ದಿನ ನಿಧಾನವಾಗಿ ಆರಲು ಬಿಟ್ಟೆ. ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಬೆಳ್ಳಿ ಗಟ್ಟಿಯಾಗಿ ಹಿಡಿಯುತ್ತದೆ, ಹರಳು ತನಗೆ ಕೊರತೆಯಿದ್ದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸಿಲಿಂಡರು ಕೊಟ್ಟ ವೆಲ್ಡಿಂಗ್ ಅಂಗಡಿಯವರು ಕಡ್ಡಿಯನ್ನು ತಿರುಗಿಸಿ ನೋಡಿ, "ಸರ, ಇದು ಸುಟ್ಟ ಇಟ್ಟಂಗಿ ಚೂರಲ್ಲೇನ್ರೀ?" ಎಂದರು. ಅವರ ಮಾತಿನಲ್ಲಿ ಪೂರ್ತಿ ತಪ್ಪೇನೂ ಇಲ್ಲ.

ಇಲ್ಲಿ ಕುಲುಮೆಯ ವಿಷಯವನ್ನೂ ಹೇಳಬೇಕು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಾಗಿಲು ಮುಚ್ಚಿದ ಅದಿರು ಪರೀಕ್ಷೆಯ ಲ್ಯಾಬೊಂದರಿಂದ ಈ ಮಫಲ್ ಕುಲುಮೆಯನ್ನು ಹಳೆಯ ಸಾಮಾನಿನ ಬೆಲೆಗೆ ಕೊಂಡಿದ್ದೆ. ಅದರ ಮೂಲೆಮೂಲೆಯಲ್ಲೂ ಕೆಂಪು ಧೂಳು ಕೂತಿತ್ತು. ಕಬ್ಬಿಣ ಹರಳಿನೊಳಗೆ ತಾಮ್ರದ ಜಾಗವನ್ನು ಹಿಡಿದು ಅತಿವಾಹಕತೆಯ ತಾಪವನ್ನು ಕೆಳಗೆಳೆಯುತ್ತದೆ. ಮೊದಲೆರಡು ಬಿಲ್ಲೆಗಳು ಕೆಟ್ಟದ್ದು ಇದರಿಂದಲೇ ಎಂದು ನನ್ನ ಅನುಮಾನ. ಈಗ ಒಳಗನ್ನು ಒರೆಸಿ, ಖಾಲಿಯಾಗಿ ಎರಡು ಸಲ ಕಾಯಿಸಿ, ಬಿಲ್ಲೆಯನ್ನು ಮುಚ್ಚಳವಿರುವ ಅಲ್ಯುಮಿನಾ ಬಟ್ಟಲಲ್ಲೇ ಇಡುತ್ತೇನೆ.

ನಾಲ್ಕನೆಯ ಬಿಲ್ಲೆಯ ಕಡ್ಡಿಯ ಅಳತೆಯೂ ಅಷ್ಟೇ. ಅದು 5.4 ಆಂಪಿಯರ್ ಹೊತ್ತಿತು, ಅಂದರೆ 180. ಹಿಗ್ಗುವ ಮೊದಲು ಹಳೆಯ ಸ್ಪೀಕರಿನ ಕಾಂತವನ್ನು ಥರ್ಮೋಕೋಲ್ ಡಬ್ಬಿಯ ಪಕ್ಕಕ್ಕೆ ತಂದೆ. ಮಿತಿ 1 ಆಂಪಿಯರಿಗಿಂತ ಕೆಳಗೆ ಕುಸಿಯಿತು. ಕಾಂತವನ್ನು ದೂರ ಸರಿಸಿದರೆ ಮೇಲೇರಿತು. ಇಷ್ಟು ದುರ್ಬಲ ಕ್ಷೇತ್ರಕ್ಕೆ ಇಷ್ಟು ಬೇಗ ಸೋಲುವುದು ಹರಳಲ್ಲ, ಹರಳುಗಳ ನಡುವಿನ ಗಡಿ. ಅಕ್ಕಪಕ್ಕದ ಎರಡು ಹರಳುಗಳ ದಿಕ್ಕು ಸುಮಾರು 10 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಗಡಿ ದಾಟುವ ಕರೆಂಟು ತೀವ್ರವಾಗಿ ಇಳಿಯುತ್ತದೆ ಎಂದು 1988ರಲ್ಲೇ ಐಬಿಎಂ ಸಂಶೋಧಕರು ತೋರಿಸಿದ್ದರು. ಈ ವಸ್ತುವಿನಲ್ಲಿ ರೋಧವಿಲ್ಲದೆ ಕರೆಂಟು ಹೊರುವ ಎಲೆಕ್ಟ್ರಾನು ಜೋಡಿಯ ಹರವು ಒಂದೆರಡು ನ್ಯಾನೋಮೀಟರ್ ಮಾತ್ರವಾದ್ದರಿಂದ, ಗಡಿಯಲ್ಲಿನ ತೀರಾ ಸಣ್ಣ ಏರುಪೇರೂ ಅದಕ್ಕೆ ಕಂದಕವಾಗುತ್ತದೆ. ಲೋಹದ ಪಟ್ಟಿಯ ಮೇಲೆ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಬೆಳೆಸುವ ಟೇಪುಗಳು ಇದೇ 77 ಕೆಲ್ವಿನ್‌ನಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ಆಂಪಿಯರ್ ದಾಟುವುದು ಈ ಕಾರಣಕ್ಕೇ. ಪುಡಿಯನ್ನು ಇನ್ನಷ್ಟು ನುಣ್ಣಗೆ ಅರೆದು, ಇನ್ನಷ್ಟು ಬಿಗಿಯಾಗಿ ಒತ್ತುವುದರಿಂದ ನಾನು 180ನ್ನು 300 ಮಾಡಬಹುದೇನೋ. ಆ ದಾರಿಯಲ್ಲಿ ಇನ್ನು ಬೆವರು ಸುರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಗಡಿಗಳನ್ನೇ ಇಲ್ಲವಾಗಿಸಬೇಕು.

ಐದನೆಯ ಬಿಲ್ಲೆಯಲ್ಲಿ ಅದಕ್ಕೇ ಕೈಹಾಕಿದೆ. ಮೂಲ ಪುಡಿಗೆ ಹಸಿರು ಬಣ್ಣದ ಇಟ್ರಿಯಮ್ 211 ಪುಡಿಯನ್ನು (ಇಟ್ರಿಯಮ್, ಬೇರಿಯಮ್, ತಾಮ್ರಗಳು 2:1:1ರ ಪ್ರಮಾಣದಲ್ಲಿರುವ ಆಕ್ಸೈಡು) ಬೆರೆಸಿದೆ. ಅದರ ಸಣ್ಣ ಕಣಗಳು ಹರಳಿನೊಳಗೆ ಸಿಕ್ಕಿಕೊಂಡು ಕಾಂತಸುಳಿಗಳನ್ನು, ಅಂದರೆ ಹರಳಿನೊಳಗೆ ತೂರಿಬರುವ ಕಾಂತಕ್ಷೇತ್ರದ ಎಳೆಗಳನ್ನು, ಜಾರದಂತೆ ಹಿಡಿಯಲು ನೆರವಾಗುತ್ತವೆ. ಇಟ್ರಿಯಮ್ಮಿನ ಹರಳಿಗಿಂತ ಹೆಚ್ಚು ಕಾವು ತಡೆಯುವ ಸಮೇರಿಯಮ್ಮಿನ ಹರಳುಚೂರೊಂದನ್ನು, ಅದರಿಂದ ಒಂದೇ ದೊಡ್ಡ ಹರಳು ಬೆಳೆಯಲೆಂದು, ಬೀಜವಾಗಿ ಮೇಲಿಟ್ಟು, 1040 ಡಿಗ್ರಿಗೆ ಕಾಯಿಸಿ, 1005ಕ್ಕೆ ಇಳಿಸಿ, ಅಲ್ಲಿಂದ ಗಂಟೆಗೆ 1 ಡಿಗ್ರಿಯಂತೆ ಆರಿಸಲು ಹೊರಟೆ. ಹದಿನೇಳನೆಯ ಗಂಟೆಗೆ ಗಾಳಿಮಳೆ ಬಂದು ಕರೆಂಟು ಹೋಯಿತು. ಮನೆಯ ಇನ್ವರ್ಟರು ಕುಲುಮೆಯನ್ನು ಎಳೆಯುವಂಥದ್ದಲ್ಲ.

ಬೆಳಿಗ್ಗೆ ಬಿಲ್ಲೆಯನ್ನು ಒಡೆದು ಭೂತಗನ್ನಡಿಯಲ್ಲಿ ನೋಡಿದೆ. ಅಂಚೆಲ್ಲ ಪುಡಿಪುಡಿ ಹರಳು, ಹಸಿರು ಮಚ್ಚೆ. ಆದರೆ ಬೀಜದ ಸುತ್ತ 6 ಮಿ.ಮೀ. ಅಗಲದ ಕಪ್ಪು ಚೌಕ, ಬೆಳಕಿಗೆ ಹಿಡಿದರೆ ಒಂದೇ ಸಲ ಇಡಿಯಾಗಿ ಮಿಂಚುವಂಥದ್ದು. ಅದರಿಂದ 5 ಮಿ.ಮೀ. ಉದ್ದದ ಚೂರನ್ನು ಕೊಯ್ದು ಆಮ್ಲಜನಕದ ಕೊಳವೆಗೆ ಹಾಕಿದ್ದೇನೆ. ಅಷ್ಟು ಜಾಗದಲ್ಲಿ ನಾಲ್ಕು ಬೆಳ್ಳಿ ಚುಕ್ಕಿಗಳು ಒಂದಕ್ಕೊಂದು ತಾಗದಂತೆ ಕೂರುತ್ತವೆಯೇ ಎಂಬುದನ್ನು ಮುಂದಿನ ಭಾನುವಾರ ನೋಡಬೇಕು.