ತೆಂಗಿನ ಮರದಡಿ ಡಿಶ್ ಹಿಡಿಯಲ್ಲ: ಪುಣೆಯಿಂದ ಗೋವಾಕ್ಕೆ ಕ್ಯಾಂಪರ್ ವ್ಯಾನ್

ಕ್ಯಾಂಪರ್ ವ್ಯಾನ್ ಬಾಡಿಗೆಗೆ ಕೊಡುವವರು "ಡಿಟಿಎಚ್ ಇದೆ, ರೆಕಾರ್ಡಿಂಗೂ ಇದೆ" ಅಂದ ಕೂಡಲೇ ಅದಕ್ಕೆ ಬೇರೆ ದುಡ್ಡು ಕೊಡಬೇಡಿ. ಪುಣೆಯಲ್ಲಿ ನಮ್ಮಿಂದ ದಿನಕ್ಕೆ 800 ರೂಪಾಯಿ ಜಾಸ್ತಿ ತಗೊಂಡರು. ಆ ದುಡ್ಡಿಗೆ ಸಿಕ್ಕಿದ್ದು ಚಾವಣಿಗೆ ಬೋಲ್ಟ್ ಹಾಕಿ ಬಿಗಿದ ಒಂದು ಡಿಶ್, ಒಳಗೆ ರೀಚಾರ್ಜ್ ಮುಗಿದ ಒಂದು ಬಾಕ್ಸ್. ಡಿಶ್ ಅತ್ತಿತ್ತ ತಿರುಗಲ್ಲ. ಟಿವಿ ಬರಬೇಕಂದ್ರೆ ಇಡೀ ವ್ಯಾನನ್ನೇ ತಿರುಗಿಸಿ ನಿಲ್ಲಿಸಬೇಕು. ಬಾಕ್ಸಿನ ಹಾರ್ಡ್ ಡಿಸ್ಕಿನ ತುಂಬ ನಮಗಿಂತ ಮೊದಲು ಬಾಡಿಗೆಗೆ ತಗೊಂಡವರ ಕ್ರಿಕೆಟ್ ಮ್ಯಾಚುಗಳು. ಫೋನ್ ಮಾಡಿದರೆ, "ಮೇಡಂ, ಬಾಕ್ಸ್ ಕೊಟ್ಟಿದೀವಲ್ಲ, ರೀಚಾರ್ಜ್ ನಿಮ್ಮದು" ಅಂದರು.

ಗೋವಾಕ್ಕೆ ಹೋಗಿ ಟಿವಿ ಯಾಕೆ ಅಂತ ಕೇಳುವವರು ಕೇಳಲಿ. ನಮ್ಮ ಮಾವನವರಿಗೆ ಮಂಡಿ ನೋವು, ಕತ್ತಲಾದ ಮೇಲೆ ಮರಳಲ್ಲಿ ನಡೆಯೋಕಾಗಲ್ಲ. ರಾತ್ರಿ ಚಂದನ ವಾಹಿನಿ ನೋಡಿದರೇನೇ ಅವರಿಗೆ ದಿನ ಮುಗಿದ ಹಾಗೆ. ಪುಣೆಯಲ್ಲಿ ಇಷ್ಟು ವರ್ಷ ಇದ್ದರೂ ಕನ್ನಡ ವಾರ್ತೆ ಕೇಳದೆ ಮಲಗಿದವರಲ್ಲ. ಮೊಬೈಲಲ್ಲಿ ನೋಡಬಹುದಲ್ವಾ ಅಂದರೆ, ಅಂಬೋಲಿ ಘಾಟಿಯಲ್ಲೂ ಕಾಣಕೋಣದ ಆಚೆಯ ಸಣ್ಣ ಬೀಚುಗಳಲ್ಲೂ ನೆಟ್‌ವರ್ಕ್ ಬಂದು ಬಂದು ಹೋಗುತ್ತೆ. ಎಪ್ಪತ್ತು ದಾಟಿದವರಿಗೆ ಅಂಗೈಯಗಲದ ಸ್ಕ್ರೀನ್ ಸಾಕಾಗೋದೂ ಇಲ್ಲ. ವಯಸ್ಸಾದವರನ್ನು ಕರ್ಕೊಂಡು ಹೋಗೋದಾದ್ರೆ ಅವರ ಸಂಜೆಯ ಬಗ್ಗೆಯೂ ಯೋಚಿಸಬೇಕು.

ದಾರಿಯ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ, ಅಂಬೋಲಿ, ಸಾವಂತವಾಡಿ. ಉತ್ತರ ಗೋವಾದಲ್ಲಿ ನಾವು ಇಳಿಯಲೇ ಇಲ್ಲ. ಬಾಗಾ, ಕಲಂಗುಟ್ ಕಡೆಯ ಗದ್ದಲ ನನಗೆ ಆಗಲ್ಲ, ಅಲ್ಲಿ ಇಷ್ಟು ದೊಡ್ಡ ಗಾಡಿ ನಿಲ್ಲಿಸಲು ಜಾಗ ಹುಡುಕೋದೂ ಕಷ್ಟ. ಬೀಚಿನ ಮರಳಿಗೆ ಗಾಡಿ ಇಳಿಸೋದು ಗೋವಾದಲ್ಲಿ ಕಾನೂನಿಗೆ ವಿರುದ್ಧ. ಬೀಚಿನಲ್ಲಿ ಒಲೆ ಹಚ್ಚಿ ಅಡುಗೆ ಮಾಡಿದರೂ ದಂಡ ಹಾಕುತ್ತಾರೆ. ಹಾಗಾಗಿ ರಾತ್ರಿಗೆ ಯಾರದ್ದಾದರೂ ಖಾಸಗಿ ಜಾಗ ಬೇಕೇ ಬೇಕು.

ಪಾಳೊಳೆಂ ಹತ್ತಿರ ಅಂಥದ್ದೊಂದು ಜಾಗಕ್ಕೆ ರಾತ್ರಿಗೆ 1800 ರೂಪಾಯಿ ಕೊಟ್ಟೆವು. ಕೊಟ್ಟಿದ್ದು ಒಂದು ಪ್ಲಗ್ ಪಾಯಿಂಟು, ಒಂದು ನಲ್ಲಿ, ತೆಂಗಿನ ಮರದ ನೆರಳು. "ಟಿವಿಗೆ ಏನೂ ತೊಂದರೆ ಇಲ್ಲ" ಅಂತ ಹೇಳಿ ತೋಟದ ನಡುವೆಯೇ ಗಾಡಿ ಹಾಕಿಸಿದರು. ಅಲ್ಲಿ ಡಿಶ್ ಸಿಗ್ನಲ್ ಹಿಡಿಯೋದು ಕಷ್ಟ. ಕಾರಣ ಹೇಳ್ತೀನಿ, ಗೋವಾಕ್ಕೆ ವ್ಯಾನಲ್ಲಿ ಹೋಗುವವರು ಮೊದಲು ತಿಳಿದಿರಬೇಕಾದ್ದು ಇದೇ.

ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಗೋವಾದಿಂದ ನೋಡಿದರೆ ಪೂರ್ವ ಮತ್ತು ದಕ್ಷಿಣದ ನಡುವೆ ಇವೆ. ಅಂದರೆ ಸಮುದ್ರಕ್ಕೆ ಬೆನ್ನು ಹಾಕಿದ ದಿಕ್ಕು. ಸಮುದ್ರದ ಕಡೆ ಎಷ್ಟು ಬಯಲಿದ್ದರೂ ಉಪಯೋಗ ಇಲ್ಲ, ತೋಟ ಇರುವ ಕಡೆಗೇ ಡಿಶ್ ನೋಡಬೇಕು. ದೂರದರ್ಶನದ ಉಚಿತ ಡಿಟಿಎಚ್ ಆದ ಡಿಡಿ ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಪಾಳೊಳೆಂನಲ್ಲಿ ಅದು ದಿಕ್ಸೂಚಿಯ 126 ಡಿಗ್ರಿ ಕಡೆ, ನೆಲದಿಂದ ಸುಮಾರು 61 ಡಿಗ್ರಿ ಎತ್ತರದಲ್ಲಿ ಸಿಗುತ್ತೆ. ಪುಣೆಯಲ್ಲಾದರೆ ದಿಕ್ಕು 132, ಎತ್ತರ 59. ಈ ಎತ್ತರಕ್ಕೆ 15 ಮೀಟರ್‌ನ ತೆಂಗಿನ ಮರ ಅಡ್ಡ ಬರಬಾರದು ಅಂದರೆ ಡಿಶ್ ಮರದಿಂದ 8 ಮೀಟರ್ ಆದರೂ ದೂರ ಇರಬೇಕು, ಗರಿಗಳು ಚಾಚಿರುತ್ತವೆ ಅಂತ ಇನ್ನೂ ಎರಡು ಮೀಟರ್ ಸೇರಿಸಿಕೊಳ್ಳಿ. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ, ಅದು ಇನ್ನೂ ನೆತ್ತಿಯ ಹತ್ತಿರ, ಮರಗಳ ನಡುವೆಯೂ ಅದಕ್ಕೆ ಸಂದು ಸಿಗೋದು ಸುಲಭ. ಏರ್‌ಟೆಲ್ 108.2ರಲ್ಲಿದೆ. ಅದು ಗೋವಾದಲ್ಲಿ 47 ಡಿಗ್ರಿ ಎತ್ತರದಲ್ಲಷ್ಟೇ ಇರೋದರಿಂದ ಮರದ ಕಾಟ ಜಾಸ್ತಿ. ಅದೂ ಅಲ್ಲದೆ ತೆಂಗಿನಕಾಯಿ ಬಿದ್ದು ಚಾವಣಿ ತಗ್ಗಾದರೆ ಆ ಖರ್ಚು ಬಾಡಿಗೆಗೆ ತಗೊಂಡವರ ತಲೆಗೇ.

ಮರುದಿನ ಮಡಗಾಂವ್‌ನಲ್ಲಿ ನಮ್ಮ ಕಷ್ಟ ತೀರಿತು, ಅದೂ ತಿಂಡಿ ತಿನ್ನುವಾಗ. ಮಾರ್ಕೆಟ್ ಹತ್ತಿರ ಒಂದು ಗಲ್ಲಿಯಲ್ಲಿ ನಾಲ್ಕೇ ಮೇಜಿನ ಹೋಟೆಲು, ಬೋರ್ಡ್ ಇಲ್ಲ. ಅಂಕೋಲಾ ಕಡೆಯ ಅಮ್ಮ ಮಗ ನಡೆಸ್ತಾರೆ. ಬೆಳಿಗ್ಗೆ ಪಾತಳ ಭಾಜಿ, ಸುಕ್ಕಿ ಭಾಜಿ, ಪಾವ್, ಬನ್ಸ್. ಪಾತಳ ಭಾಜಿ ಅಂದರೆ ಬಟಾಣಿ ಹಾಕಿದ ತೆಳ್ಳನೆಯ ತೆಂಗಿನಕಾಯಿ ರಸ. ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ ತೇಲುತ್ತಿರುತ್ತೆ. ಬನ್ಸ್ ಮುರಿದರೆ ಬಾಳೆಹಣ್ಣಿನ ಪರಿಮಳ, ಒಳಗೆ ಜೀರಿಗೆ ಕಾಣಿಸುತ್ತೆ, ಹೊರಗೆ ಕೆಂಪಗೆ ಗರಿಗರಿ. ಆ ಸಿಹಿ ಬನ್ಸನ್ನು ಖಾರದ ರಸಕ್ಕೆ ಅದ್ದಿ, ಜೊತೆಗೆ ಉಪ್ಪು ಸವರಿ ಕರಿದ ಮೆಣಸಿನಕಾಯಿ ಕಚ್ಚಬೇಕು. ನಮ್ಮ ಅತ್ತೆ ಹೊರಗಿನ ತಿಂಡಿ ಮುಟ್ಟದವರು, ಅಲ್ಲಿ ಎರಡನೇ ಸಲ ಹಾಕಿಸಿಕೊಂಡರು. ನಾಲ್ಕು ಜನ ಹೊಟ್ಟೆ ತುಂಬ ತಿಂದು ಟೀ ಕುಡಿದರೂ 300 ದಾಟಲಿಲ್ಲ. ಒಂಬತ್ತೂವರೆ ಒಳಗೆ ಹೋಗಿ, ಆಮೇಲೆ ಬನ್ಸ್ ಖಾಲಿ. ದಕ್ಷಿಣ ಗೋವಾದ ಯಾವ ಬೀಚ್ ಶ್ಯಾಕ್‌ನಲ್ಲೂ ನನಗೆ ಇಂಥ ಊಟ ತಿಂಡಿ ಸಿಕ್ಕಿಲ್ಲ.

ನಾವು ಕನ್ನಡದಲ್ಲಿ ಮಾತಾಡೋದು ಕೇಳಿ ಪಕ್ಕದ ಮೇಜಿನ ಹುಡುಗ ಮಾತಿಗೆ ಬಂದ. ಗದಗ ಕಡೆಯವನು, ವಾಸ್ಕೋದಲ್ಲಿ ಡಿಶ್ ಕೂರಿಸುವ ಕೆಲಸ. ನಮ್ಮ ಕಥೆ ಕೇಳಿ, "ಅಕ್ಕಾರ, ಗಿಡದ ಬುಡಕ ಗಾಡಿ ಹಚ್ಚಿದ್ರ ಡಿಶ್ ಏನ್ ಹಿಡಿತೈತ್ರಿ? ಮೊದ್ಲ ಬಯಲಾಗ ತರ್ರಿ" ಅಂದ. ಚಾವಣಿಯ ಡಿಶ್ ಮರೆತುಬಿಡಿ ಅಂತ ಹೇಳಿ, 60 ಸೆಂಟಿಮೀಟರ್ ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), 10 ಮೀಟರ್ ಕೇಬಲ್, ಪೆನ್‌ಡ್ರೈವ್ ಹಾಕುವ ಎಂಪಿಇಜಿ-4 ಫ್ರೀ ಡಿಶ್ ಬಾಕ್ಸ್ ಕೊಡಿಸಿದ. ಎಲ್ಲ ಸೇರಿ 2000 ರೂಪಾಯಿ ಒಳಗೆ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ. ಖಾಸಗಿ ಚಾನೆಲ್ಲಿನ ಕನ್ನಡ ಧಾರಾವಾಹಿಯೇ ಬೇಕು ಅನ್ನುವವರು ಮಾತ್ರ ಮನೆಯ ಬಾಕ್ಸ್ ಬಿಚ್ಚಿಕೊಂಡು ಹೋಗಿ.

ಅವನು ಹೇಳಿಕೊಟ್ಟದ್ದರಲ್ಲಿ ಎರಡು ಮಾತು ಬಂಗಾರ. ಒಂದು, ದಿಕ್ಕು ಗೊತ್ತಾಗದಿದ್ದರೆ ಹತ್ತಿರದ ಮನೆಯ ಚಾವಣಿ ನೋಡಿ. ಅಲ್ಲಿ ಫ್ರೀ ಡಿಶ್ ಇದ್ದರೆ ಅದರ ಮುಖ ಎತ್ತ ಇದೆಯೋ ನಿಮ್ಮದನ್ನೂ ಅತ್ತಲೇ ತಿರುಗಿಸಿ, ಆಮೇಲೆ ಸ್ವಲ್ಪ ಸರಿಮಾಡಿದರೆ ಸಾಕು. ಫೋನಿನ ದಿಕ್ಸೂಚಿ ಬಳಸುವುದಾದರೆ ವ್ಯಾನಿನಿಂದ ಹತ್ತು ಹೆಜ್ಜೆ ದೂರ ಹೋಗಿ ನೋಡಿ, ಕಬ್ಬಿಣದ ಹತ್ತಿರ ಅದು ತಪ್ಪು ತೋರಿಸುತ್ತೆ. ಇನ್ನೊಂದು, ಸ್ಕ್ರೀನಿನಲ್ಲಿ ಸಿಗ್ನಲ್ ಸ್ಟ್ರೆಂತ್ ಎಷ್ಟೇ ಬರಲಿ ನಂಬಬೇಡಿ. ಕೇಬಲ್ ಸಿಕ್ಕಿಸಿದರೆ ಸಾಕು ಸ್ಟ್ರೆಂತ್ ಬರುತ್ತೆ, ಡಿಶ್ ನೆಲ ನೋಡುತ್ತಿದ್ದರೂ ಬರುತ್ತೆ. ನೋಡಬೇಕಾದ್ದು ಸಿಗ್ನಲ್ ಕ್ವಾಲಿಟಿ. ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಮೂರು ನಾಲ್ಕು ಸೆಕೆಂಡ್ ಸುಮ್ನೆ ನಿಂತು, ಮತ್ತೆ ತಿರುಗಿಸಿ. ಬಾಕ್ಸ್ ನಿಧಾನ, ಅವಸರ ಮಾಡಿದರೆ ಸಿಕ್ಕ ಸಿಗ್ನಲ್ಲನ್ನೂ ದಾಟಿ ಹೋಗ್ತೀರಿ. ಡಿಶ್ ಟಿವಿ ಕಂಪನಿಯ ಉಪಗ್ರಹ 95 ಡಿಗ್ರಿಯಲ್ಲಿ, ಒಂದೂವರೆ ಡಿಗ್ರಿ ಪಕ್ಕದಲ್ಲೇ ಇದೆ. ಆದ್ದರಿಂದ ಫ್ರೀ ಡಿಶ್ ಚಾನೆಲ್ ಕಂಡ ಮೇಲೇ ಸ್ಕ್ರೂ ಬಿಗಿ ಮಾಡಿ. ಸ್ಟ್ಯಾಂಡಿನ ನಡುವೆ ನೀರು ತುಂಬಿದ ಕ್ಯಾನ್ ನೇತುಹಾಕಿ, ಸಮುದ್ರದ ಗಾಳಿಗೆ ಬರೀ ಸ್ಟ್ಯಾಂಡ್ ನಿಲ್ಲಲ್ಲ.

ರೆಕಾರ್ಡಿಂಗ್ ನಮಗೆ ಬೇಕಿದ್ದದ್ದು ರಾತ್ರಿ ಊಟಕ್ಕೆ ಹೊರಗೆ ಹೋದಾಗಿನ ಕಾರ್ಯಕ್ರಮಕ್ಕೆ. ಗಾಡಿ ನಿಂತಿರಬೇಕು, ಹೊರಟರೆ ಸಿಗ್ನಲ್ ಹೋಗಿ ಪೆನ್‌ಡ್ರೈವ್‌ನಲ್ಲಿ ಏನೂ ಉಳಿಯಲ್ಲ. ಟೈಮರ್ ಇಡುವ ಮೊದಲು ಬಾಕ್ಸಿನ ಗಡಿಯಾರ ನೋಡಿ. ಹೊಸ ಬಾಕ್ಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು, ಟೈಮ್ ಝೋನ್ ಪ್ಲಸ್ 5:30 ಮಾಡಬೇಕು. ರಿಮೋಟಿನಲ್ಲಿ ಆಫ್ ಮಾಡಿ, ಮೇನ್ ಸ್ವಿಚ್ ಮುಟ್ಟಬೇಡಿ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟಲ್ಲ, ಉದ್ದದ ಕಾರ್ಯಕ್ರಮ ತುಂಡು ತುಂಡಾಗಿ ಸೇವ್ ಆದರೆ ಗಾಬರಿ ಬೇಡ. ದುಡ್ಡು ಕಟ್ಟುವ ಕಂಪನಿಗಳ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿದ್ದು ಆ ಬಾಕ್ಸಿನಲ್ಲಷ್ಟೇ ಓಡುತ್ತೆ, ವ್ಯಾನ್ ಜೊತೆ ಅದನ್ನೂ ವಾಪಸ್ ಕೊಟ್ಟ ಹಾಗೇ. ಬಾಡಿಗೆಯವರು ಇದನ್ನು ಹೇಳಲ್ಲ.

ಬ್ಯಾಟರಿ ಬಗ್ಗೆ ಹೆದರಬೇಕಾಗಿಲ್ಲ. 24 ಇಂಚಿನ ಟಿವಿ, ಬಾಕ್ಸ್ ಎರಡೂ ಸೇರಿ 40 ವ್ಯಾಟ್ ಆಸುಪಾಸು. ಮೂರು ಗಂಟೆ ನೋಡಿದರೆ 12 ವೋಲ್ಟ್ ಬ್ಯಾಟರಿಯಿಂದ ಹತ್ತು ಹನ್ನೊಂದು ಆಂಪಿಯರ್-ಅವರ್ ಹೋಗುತ್ತೆ, ಇನ್ವರ್ಟರ್ ಮೂಲಕವಾದರೆ ಸ್ವಲ್ಪ ಜಾಸ್ತಿ. ವ್ಯಾನ್ ತಗೊಳ್ಳುವಾಗ ಅಲ್ಲೇ ಟಿವಿ, ಫ್ಯಾನ್, ಲೈಟ್ ಎಲ್ಲ ಒಂದು ಗಂಟೆ ಓಡಿಸಿ ನೋಡಿ, ಬ್ಯಾಟರಿ ಹಳೆಯದಾದರೆ ಅಲ್ಲೇ ಗೊತ್ತಾಗುತ್ತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದಲ್ಲಿ ಜೋರು ಮಳೆ ಬಂದರೆ ಡಿಶ್ ಎಷ್ಟು ಸರಿಯಾಗಿದ್ದರೂ ಚಿತ್ರ ಕಡಿದು ಹೋಗುತ್ತೆ. ಮಳೆಗಾಲದಲ್ಲಿ ಹೋಗುವವರು ಹೊರಡುವ ವಾರ ಇದೇ ಬಾಕ್ಸನ್ನು ಪುಣೆಯ ಬಾಲ್ಕನಿಯಲ್ಲಿ ಆಗ್ನೇಯಕ್ಕೆ ಹೊಂದಿಸಿ, ಹಿರಿಯರಿಗೆ ಇಷ್ಟವಾದ ನಾಲ್ಕೈದು ಕಾರ್ಯಕ್ರಮ 32 ಜಿಬಿ ಪೆನ್‌ಡ್ರೈವ್‌ಗೆ ತುಂಬಿಸಿಕೊಳ್ಳಿ. ವ್ಯಾನಿನಲ್ಲಿ ಡಿಶ್ ಇಲ್ಲದೆಯೂ ಅವು ಓಡುತ್ತವೆ.