ಇಬ್ಬರ ಕೈಲಿ ನಾಲ್ಕು ಪಾತ್ರ

ಈಗೀಗ ತಂಗಿಯೂ ನಾನೂ ರಾತ್ರಿ ಹೊತ್ತು ಬಾಲ್ಡರ್ಸ್ ಗೇಟ್ 3 ಆಡುತ್ತೇವೆ. 2023ರಲ್ಲಿ ಬಂದ ವಿಡಿಯೊ ಗೇಮ್ ಅದು. ತಂಡದಲ್ಲಿ 4 ಪಾತ್ರಗಳು, ನಾವಿರೋದು ಇಬ್ಬರು. ಹಾಗಾಗಿ ಸ್ವಂತ ಪಾತ್ರದ ಜೊತೆ ತಲಾ ಒಬ್ಬರನ್ನು ಹಂಚಿಕೊಂಡಿದ್ದೇವೆ. ಗಾಯ ವಾಸಿ ಮಾಡುವ ಶ್ಯಾಡೋಹಾರ್ಟ್ ಅವಳಿಗೆ, ಕೊಡಲಿ ಬೀಸುವ ಕಾರ್ಲಾಕ್ ನನಗೆ.

ಒಬ್ಬಳೇ ಆಡುವಾಗ ನಾಲ್ವರೂ ನಾನು ಹೇಳಿದ್ದನ್ನೇ ಕೇಳುತ್ತಿದ್ದರು. ಈಗ ನನ್ನ ಪಾತ್ರ ಕುಸಿದು ಬಿದ್ದರೆ ಶ್ಯಾಡೋಹಾರ್ಟ್ ಸರದಿ ಬರಬೇಕು, ತಂಗಿಗೂ ಮನಸ್ಸು ಬರಬೇಕು! ಆಟದೊಳಗಿನ ಮಾತುಕತೆಯಲ್ಲೂ ಅಷ್ಟೇ. ಮಾತು ಶುರು ಮಾಡಿದವರೇ ಉತ್ತರ ಆರಿಸಬೇಕು. ಇನ್ನೊಬ್ಬರು ಕೇಳಿಸಿಕೊಂಡು, ಯಾವುದು ಇಷ್ಟ ಅಂತ ಸೂಚಿಸಬಹುದು ಅಷ್ಟೇ. ಎಷ್ಟೋ ಸಲ ಅವಳು ನಾನು ಯಾವತ್ತೂ ಹಿಡಿಯದ ದಾರಿ ಹಿಡಿಯುತ್ತಾಳೆ. ಕಥೆ ನನಗೆ ಜಾಸ್ತಿ ಹಿಡಿಸೋದು ಅಲ್ಲೇ.

ಇವರಲ್ಲೊಬ್ಬರ ಬದಲು ಮಂತ್ರವಾದಿ ಗೇಲ್‌ನನ್ನು ತಂಡಕ್ಕೆ ಕರೆದುಕೊಂಡರೆ ಅವನು ಯಾರ ಪಾಲಿಗೆ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.