ಸೀರಿಯಲ್ ನಟ ಡೈರೆಕ್ಟರ್ ಆಗೋಕಾಗುತ್ತಾ? ರಾನ್ ಹೊವಾರ್ಡ್ ಕಥೆ ಕೇಳಿ

"ಸಾರ್, ಸೀರಿಯಲ್‌ನಲ್ಲಿ ಆಕ್ಟ್ ಮಾಡ್ತಾ ಇದ್ದರೆ ಮುಂದೆ ಡೈರೆಕ್ಟರ್ ಆಗೋಕಾಗುತ್ತಾ? ಇಲ್ಲ ಕೊನೇ ತನಕ ಅದೇ ಪಾತ್ರದ ಹೆಸರಲ್ಲೇ ಕರೀತಾರಾ?" ನಾನು ಸೀರಿಯಲ್‌ಗಳಿಗೆ ಎಡಿಟಿಂಗ್ ಮಾಡುವವನು. ಡಬ್ಬಿಂಗ್‌ಗೆ ಬರುವ ಹುಡುಗ ಹುಡುಗಿಯರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವರಿಗೆ ಬೇಕಾಗಿರೋದು "ಆಗುತ್ತೆ ಬಿಡೋ" ಅನ್ನುವ ಮಾತು. ನಾನು ಅದರ ಬದಲು ರಾನ್ ಹೊವಾರ್ಡ್ ಕಥೆ ಶುರು ಮಾಡುತ್ತೇನೆ. ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಹೆಸರು ಕೇಳದವರಿಗೆ: 'ಅಪೋಲೋ 13', 'ಎ ಬ್ಯೂಟಿಫುಲ್ ಮೈಂಡ್', 'ದ ಡಾ ವಿಂಚಿ ಕೋಡ್' ಮಾಡಿದ ಅಮೆರಿಕದ ಡೈರೆಕ್ಟರ್. ನಮ್ಮಲ್ಲಿ ಈ ಸಿನಿಮಾಗಳನ್ನು ನೋಡಿದವರು ಬೇಕಾದಷ್ಟಿದ್ದಾರೆ. ಆದರೆ ಅಮೆರಿಕದಲ್ಲಿ ಸ್ವಲ್ಪ ವಯಸ್ಸಾದವರನ್ನು ಕೇಳಿದರೆ ಅವರಿಗೆ ಆತ ಇವತ್ತಿಗೂ ಟೀವಿಯ ಪುಟ್ಟ ಹುಡುಗ ಓಪಿ.

1954ರಲ್ಲಿ ಓಕ್ಲಹೋಮಾದ ಡಂಕನ್ ಊರಲ್ಲಿ ಹುಟ್ಟಿದ ಈ ಹುಡುಗ 1960ರಲ್ಲಿ, ಆರನೇ ವಯಸ್ಸಿಗೆ, 'ದಿ ಆಂಡಿ ಗ್ರಿಫಿತ್ ಶೋ' ಅನ್ನುವ ಕಾಮಿಡಿ ಸೀರಿಯಲ್‌ಗೆ ಓಪಿ ಅನ್ನೋ ಮಗನ ಪಾತ್ರಕ್ಕೆ ಸೇರಿಕೊಂಡ. ಅದು ಎಂಟು ವರ್ಷ ಓಡಿತು. ಅದರ ಟೈಟಲ್‌ನಲ್ಲಿ ಅಪ್ಪ ಮಗ ಗಾಳ ಹಿಡಿದು ಕೆರೆ ಕಡೆ ನಡೆದು ಹೋಗುತ್ತಾರೆ, ಹಿಂದೆ ಯಾರೋ ಸಿಳ್ಳೆ ಹಾಕುತ್ತಿರುತ್ತಾರೆ, ಹುಡುಗ ಒಂದು ಕಲ್ಲೆತ್ತಿ ನೀರಿಗೆ ಎಸೆಯುತ್ತಾನೆ. ಆ ಕಲ್ಲು ನೀರಿನ ತನಕ ಹೋಗುತ್ತಲೇ ಇರಲಿಲ್ಲವಂತೆ! ಅಷ್ಟು ಶಕ್ತಿ ಆ ಕೈಯಲ್ಲಿರಲಿಲ್ಲ. ಮರದ ಮರೆಯಲ್ಲಿ ನಿಂತಿದ್ದ, ಸೆಟ್‌ನ ಸಾಮಾನು ನೋಡಿಕೊಳ್ಳುವ ಪ್ರಾಪರ್ಟಿ ವಿಭಾಗದವನೊಬ್ಬ ಸರಿಯಾದ ಹೊತ್ತಿಗೆ ಇನ್ನೊಂದು ಕಲ್ಲು ಎಸೆದ. ನಾವು ನೋಡೋದು ಅವನ ಕಲ್ಲನ್ನು. ಹೊವಾರ್ಡ್ ಇದನ್ನು ಈಗಲೂ ಖುಷಿಯಿಂದ ಹೇಳುತ್ತಾನೆ. ಸಿನಿಮಾ ಹೇಗೆ ಆಗುತ್ತೆ ಅನ್ನೋದನ್ನು ಇಷ್ಟು ಚಿಕ್ಕ ವಯಸ್ಸಿಗೇ ಕಂಡವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಏಳು ವರ್ಷದವನಿದ್ದಾಗ ಒಂದು ದಿನ ರಿಹರ್ಸಲ್‌ನಲ್ಲಿ "ಈ ಡೈಲಾಗ್ ಹುಡುಗರು ಹೀಗೆ ಹೇಳೋದಿಲ್ಲ" ಅಂದ. ಹಾಗಾದರೆ ಹೇಗೆ ಹೇಳ್ತಾರೆ ಅಂತ ಕೇಳಿದರು. ಹೇಳಿದ. ಸರಿ, ಹಾಗೇ ಹೇಳು ಅಂದರು. ತನ್ನ ಮಾತನ್ನು ಒಪ್ಪಿದರು ಅಂತ ಹುಡುಗ ಹಿಗ್ಗಿ ನಿಂತರೆ, ಸೀರಿಯಲ್‌ನಲ್ಲಿ ಅಪ್ಪನ ಪಾತ್ರ ಮಾಡುತ್ತಿದ್ದ ಆಂಡಿ ಗ್ರಿಫಿತ್ "ನೀನು ಕೊಟ್ಟ ಸಲಹೆಗಳಲ್ಲಿ ಮೊದಲ ಸಲ ಒಂದು ಚೆನ್ನಾಗಿತ್ತು, ನಡಿ ಈಗ ಸೀನ್ ಮಾಡೋಣ" ಅನ್ನೋ ಅರ್ಥದಲ್ಲಿ ಹೇಳಿದರಂತೆ. ಅಂದರೆ ಅದಕ್ಕೂ ಮುಂಚೆ ಈ ಮರಿ ಸುಮ್ನೆ ಇರಲಿಲ್ಲ, ಏನೇನೋ ಸಲಹೆ ಕೊಡುತ್ತಲೇ ಇತ್ತು!

ಇಲ್ಲಿ ಯಾರಾದರೂ "ಅವನಿಗೆ ಅಪ್ಪ ಇದ್ದರು ಬಿಡಿ" ಅನ್ನುತ್ತಾರೆ. ಇದ್ದರು, ನಿಜ. ಅಪ್ಪ ರಾನ್ಸ್ ಹೊವಾರ್ಡ್ ನಟ, ಆದರೆ ಸ್ಟಾರ್ ಏನಲ್ಲ. ಚಿಕ್ಕಪುಟ್ಟ ಪಾತ್ರಗಳಲ್ಲಿ ಜೀವನ ಸಾಗಿಸಿದ ಮನುಷ್ಯ. ಮಗನಿಗೆ ಒಂದು ಫೋನ್ ಕಾಲ್‌ನಲ್ಲಿ ಚಾನ್ಸ್ ಕೊಡಿಸುವ ತಾಕತ್ತು ಅವರಿಗೆ ಇರಲಿಲ್ಲ. ಸೀನ್ ಅಂದರೇನು, ಎದುರಿನವರ ಮಾತು ಕೇಳಿಸಿಕೊಳ್ಳೋದು ಅಂದರೇನು, ಇವನ್ನು ಕೂರಿಸಿ ಕಲಿಸಿದರು. ಅದನ್ನು ಕೃಪಾಂಕ ಅಂತ ಬೇಕಾದರೆ ಅನ್ನಿ.

ಮುಂದಿನದು 'ಹ್ಯಾಪಿ ಡೇಸ್', 1974ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಹೊವಾರ್ಡ್ ಅದರಲ್ಲಿ ರಿಚಿ ಅನ್ನೋ ಒಳ್ಳೇ ಹುಡುಗ, ಮುಖ್ಯ ಪಾತ್ರ. ಪಕ್ಕದಲ್ಲಿ ಹೆನ್ರಿ ವಿಂಕ್ಲರ್ ಮಾಡಿದ ಫಾನ್ಜಿ, ಲೆದರ್ ಜಾಕೆಟ್ಟು, ಬೈಕು. ಮೊದಲು ಚಿಕ್ಕದಾಗಿದ್ದ ಆ ಪಾತ್ರ ನೋಡನೋಡುತ್ತಾ ಇಡೀ ಶೋ ನುಂಗಿಹಾಕಿತು. ಕೊನೆಗೆ ಚಾನೆಲ್‌ನವರು ಸೀರಿಯಲ್‌ನ ಹೆಸರಿಗೇ ಫಾನ್ಜಿಯನ್ನು ಸೇರಿಸೋಣ ಅಂದರು. ಹಾಗೆ ಮಾಡಿದರೆ ನಾನು ಕಾಲೇಜಿಗೆ ವಾಪಸ್ ಹೋಗ್ತೀನಿ ಅಂದ ಹೊವಾರ್ಡ್. ಹೆಸರು ಬದಲಾಗಲಿಲ್ಲ. ಆದರೆ ತಾನು ಅಲ್ಲಿ ಎಷ್ಟು ದಿನ ಇರಬಹುದು, ಎಷ್ಟು ಬೆಳೆಯಬಹುದು ಅನ್ನೋದು ಅವನಿಗೆ ಅರ್ಥ ಆಗಿರಬೇಕು. ನಮ್ಮ ಸೀರಿಯಲ್‌ಗಳಲ್ಲಿ ಹೀರೋಗಿಂತ ಅತ್ತೆ ಪಾತ್ರ ಕ್ಲಿಕ್ ಆದಾಗ ಏನೇನು ನಡೆಯುತ್ತೆ ಅಂತ ನಾನು ಬೇರೆ ಹೇಳಬೇಕಿಲ್ಲ ಅಲ್ವಾ.

ನನ್ನ ಉತ್ತರ ಇರೋದು ಇದರ ನಂತರದ ಭಾಗದಲ್ಲಿ. ಹೊವಾರ್ಡ್ ಹದಿಹರೆಯದಲ್ಲೇ ಪುಟ್ಟ ಕ್ಯಾಮೆರಾ ಹಿಡಿದು ಸಿನಿಮಾ ಮಾಡಿಕೊಂಡಿದ್ದವನು, ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಫಿಲ್ಮ್ ಸ್ಕೂಲ್‌ಗೂ ಸೇರಿದವನು, ಡಿಗ್ರಿ ಮುಗಿಸಲಿಲ್ಲ ಅಷ್ಟೆ. ಇಷ್ಟಿದ್ದರೂ ಟೀವಿಯ ಮುದ್ದು ಹುಡುಗನ ಕೈಗೆ ಸಿನಿಮಾ ಕೊಡೋರು ಯಾರೂ ಇರಲಿಲ್ಲ. ಆಗ ರೋಜರ್ ಕಾರ್ಮನ್ 'ಈಟ್ ಮೈ ಡಸ್ಟ್' ಅನ್ನೋ ಕಾರ್ ರೇಸ್ ಸಿನಿಮಾಗೆ ನಟಿಸೋಕೆ ಕರೆದರು. ಕಾರ್ಮನ್ ಅಂದರೆ ಕಡಿಮೆ ದುಡ್ಡಲ್ಲಿ, ಕಡಿಮೆ ದಿನದಲ್ಲಿ ಸಿನಿಮಾ ಎತ್ತಿಬಿಡುತ್ತಿದ್ದ ನಿರ್ಮಾಪಕ, ಜಿಪುಣತನಕ್ಕೆ ಹೆಸರುವಾಸಿ. ಸ್ಕ್ರಿಪ್ಟ್ ಹೊವಾರ್ಡ್‌ಗೆ ಅಷ್ಟಕ್ಕಷ್ಟೇ. ಆದರೂ ಚೌಕಾಸಿಗೆ ಕೂತ. ನಟಿಸ್ತೀನಿ, ಇದು ಓಡಿದರೆ ನನಗೊಂದು ಸಿನಿಮಾ ಡೈರೆಕ್ಟ್ ಮಾಡೋಕೆ ಕೊಡಬೇಕು ಅಂದ. ಸಿನಿಮಾ 1976ರಲ್ಲಿ ಬಂತು, ಓಡಿತು. ಮಾರನೇ ವರ್ಷ 'ಗ್ರ್ಯಾಂಡ್ ಥೆಫ್ಟ್ ಆಟೋ'. ಅಪ್ಪನ ಜೊತೆ ಕೂತು ಬರೆದ, ಡೈರೆಕ್ಟ್ ಮಾಡಿದ, ಕಾರ್ಮನ್ ಷರತ್ತಿನಂತೆ ಹೀರೋ ಕೂಡ ಅವನೇ ಆದ. ವಯಸ್ಸು 23.

ಆ ಶೂಟಿಂಗ್‌ನಲ್ಲಿ ಗುಂಪಿನ ದೃಶ್ಯಕ್ಕೆ ಇನ್ನಷ್ಟು ಜನ ಬೇಕು ಅಂತ ಕೇಳಿದ್ದಕ್ಕೆ ಕಾರ್ಮನ್ ಕೊಡಲಿಲ್ಲ. "ಈ ಸಿನಿಮಾ ಚೆನ್ನಾಗಿ ಮಾಡಿದರೆ ಇನ್ಯಾವತ್ತೂ ನೀನು ನನ್ನ ಹತ್ತಿರ ಕೆಲಸ ಮಾಡಬೇಕಾಗಿಲ್ಲ" ಅಂದರಂತೆ. ಜಿಪುಣರ ಬಾಯಿಂದ ಬಂದ ಮಾತುಗಳಲ್ಲಿ ನನಗೆ ಇದೇ ತುಂಬಾ ಇಷ್ಟ.

ಅಂದರೆ ಆತ ತನ್ನ ಮುಖವನ್ನು ಕೊಟ್ಟು ಡೈರೆಕ್ಟರ್ ಕುರ್ಚಿ ತಗೊಂಡ. ನಟನೆಯನ್ನು ಕೀಳಾಗಿ ನೋಡಿ ಬಿಟ್ಟು ಬರಲಿಲ್ಲ, ಅದೇ ಬಂಡವಾಳ ಆಯ್ತು. 1980ರಲ್ಲಿ, 'ಹ್ಯಾಪಿ ಡೇಸ್' ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಅಲ್ಲಿಂದ ಹೊರಬಂದ.

ಅದೇ ವರ್ಷ ಟೀವಿಗಾಗಿ ಮಾಡಿದ ಸಿನಿಮಾ 'ಸ್ಕೈವರ್ಡ್'. ಗಾಲಿಕುರ್ಚಿಯಲ್ಲಿರುವ ಹುಡುಗಿ ವಿಮಾನ ಹಾರಿಸಲು ಕಲಿಯುವ ಕಥೆ. ಅದರಲ್ಲಿ ಬೆಟ್ಟಿ ಡೇವಿಸ್ ಇದ್ದರು. ಎರಡು ಆಸ್ಕರ್ ಗೆದ್ದ, ಎಪ್ಪತ್ತು ದಾಟಿದ, ನಾಲಿಗೆ ಹರಿತವಾದ ದೊಡ್ಡ ನಟಿ. ಎದುರಿಗೆ ಟೀವಿಯ ಓಪಿ! ನನ್ನನ್ನು ರಾನ್ ಅನ್ನಿ ಅಂತ ಇವನು ಹೇಳಿದರೆ, ನೀನು ನನಗೆ ಇಷ್ಟ ಆಗ್ತೀಯೋ ಇಲ್ಲವೋ ಗೊತ್ತಾಗುವ ತನಕ ಮಿಸ್ಟರ್ ಹೊವಾರ್ಡ್ ಅಂತಲೇ ಕರೆಯೋದು ಅಂದರಂತೆ ಆಕೆ. ಶೂಟಿಂಗ್‌ನಲ್ಲಿ ಒಂದು ಕಡೆ ಸೀನ್ ಸಿಕ್ಕಿಹಾಕಿಕೊಂಡಿತು. ಇವನು ಅಂಜುತ್ತಲೇ ಒಂದು ಬದಲಾವಣೆ ಹೇಳಿದ. ಆಕೆ ಮಾಡಿ ನೋಡಿದರು, ಹೌದು, ಇದೇ ಸರಿ ಅಂದರು. ಪ್ಯಾಕಪ್ ಆದ ಮೇಲೆ ಹೊರಡುತ್ತಾ "ನಾಳೆ ಸಿಗೋಣ, ರಾನ್" ಅಂದರು. ಹಿರಿಯ ಕಲಾವಿದರಿಗೆ ತಿದ್ದುಪಡಿ ಹೇಳೋಕೆ ಎಷ್ಟು ಗುಂಡಿಗೆ ಬೇಕು ಅಂತ ಸೆಟ್‌ನಲ್ಲಿ ನಿಂತವರಿಗೆ ಗೊತ್ತು.

ನಂತರದ್ದು ಬೇಗ ಹೇಳಿಬಿಡುತ್ತೇನೆ. 1982ರ 'ನೈಟ್ ಶಿಫ್ಟ್'ಗೆ ಹೀರೋ ಯಾರು ಗೊತ್ತಾ? ಅದೇ ಹೆನ್ರಿ ವಿಂಕ್ಲರ್. ತನ್ನನ್ನು ಮಂಕಾಗಿಸಿದವನನ್ನೇ ಕರೆದು, ಲೆದರ್ ಜಾಕೆಟ್ ಬಿಚ್ಚಿಸಿ, ಅಂಜುಬುರುಕನ ಪಾತ್ರ ಕೊಟ್ಟ. 1984ರಲ್ಲಿ 'ಸ್ಪ್ಲಾಶ್', ಅದರ ಹೀರೋ ಟಾಮ್ ಹ್ಯಾಂಕ್ಸ್ ಕೂಡ ಟೀವಿಯಿಂದಲೇ ಬಂದವರು. ಆಮೇಲೆ 1995ರಲ್ಲಿ 'ಅಪೋಲೋ 13', ಚಂದ್ರನ ಕಡೆ ಹೊರಟು ದಾರಿಯಲ್ಲಿ ಅಪಾಯಕ್ಕೆ ಸಿಕ್ಕಿದ ಗಗನಯಾತ್ರಿಗಳ ಕಥೆ.

ಇದರ ಬಗ್ಗೆ ಎಡಿಟರ್ ಆಗಿ ನಾಲ್ಕು ಮಾತು ಹೇಳದೆ ಇರಲಾರೆ. ಗಗನಯಾತ್ರಿಗಳು ತೇಲುವ ಎಷ್ಟೋ ಶಾಟ್‌ಗಳು ನಾಸಾದ ತರಬೇತಿ ವಿಮಾನದಲ್ಲಿ ತೆಗೆದವು. ಆ ವಿಮಾನ ಮೇಲಕ್ಕೆ ನುಗ್ಗಿ ಕೆಳಕ್ಕೆ ಧುಮುಕುವಾಗ ಒಳಗಿದ್ದವರು ನಿಜವಾಗಿಯೂ ತೇಲುತ್ತಾರೆ, ಆದರೆ ಒಂದು ಸಲಕ್ಕೆ ಹೆಚ್ಚುಕಮ್ಮಿ 25 ಸೆಕೆಂಡ್ ಮಾತ್ರ. ಅಷ್ಟರಲ್ಲೇ ಆಕ್ಷನ್, ಡೈಲಾಗ್, ಕಟ್. ಹೀಗೆ 600ಕ್ಕೂ ಜಾಸ್ತಿ ಸಲ ಧುಮುಕಿದರು. ಆ ತುಣುಕುಗಳನ್ನು ನೆಲದ ಮೇಲಿನ ಸೆಟ್‌ನಲ್ಲಿ ತೆಗೆದ ಶಾಟ್‌ಗಳ ಜೊತೆ ಹೊಲಿದವರು ಮೈಕ್ ಹಿಲ್ ಮತ್ತು ಡ್ಯಾನ್ ಹ್ಯಾನ್ಲಿ, 'ನೈಟ್ ಶಿಫ್ಟ್' ಕಾಲದಿಂದ ಹೊವಾರ್ಡ್ ಜೊತೆಗಿದ್ದ ಎಡಿಟರ್‌ಗಳು. ಆ ವರ್ಷ ಅವರಿಗೆ ಆಸ್ಕರ್ ಬಂತು. ಡೈರೆಕ್ಟರ್‌ಗೆ ನಾಮಿನೇಶನ್ ಕೂಡ ಬರಲಿಲ್ಲ! ಅವನಿಗೆ ಆಸ್ಕರ್ ಬಂದದ್ದು 2002ರಲ್ಲಿ, 'ಎ ಬ್ಯೂಟಿಫುಲ್ ಮೈಂಡ್'ಗೆ. ಮೊದಲ ಸಿನಿಮಾ ಆಗಿ 25 ವರ್ಷದ ಮೇಲೆ.

ಹೊವಾರ್ಡ್ ಸಿನಿಮಾಗಳಿಗೆ ಸ್ವಂತ ಛಾಪು ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ಒಂದು ಶಾಟ್ ನೋಡಿ ಇದು ಅವನದೇ ಅನ್ನೋಕಾಗಲ್ಲ, ಒಪ್ಪುತ್ತೇನೆ. 'ಡಾ ವಿಂಚಿ ಕೋಡ್' ನನಗಂತೂ ಆಕಳಿಕೆ ತರಿಸಿತು. ಇದೂ ಟೀವಿಯಿಂದಲೇ ಬಂದದ್ದು ಅಂತ ನನ್ನ ಅನಿಸಿಕೆ. ಟೀವಿಯಲ್ಲಿ ವಾರವಾರ ಕಥೆ ಬದಲಾಗುತ್ತೆ, ಡೈರೆಕ್ಟರ್ ಬದಲಾಗುತ್ತಾನೆ, ಪಾತ್ರ ಮಾತ್ರ ಕೆಡಬಾರದು. ಅದಕ್ಕೇ ಇರಬೇಕು, 2017ರಲ್ಲಿ 'ಸ್ಟಾರ್ ವಾರ್ಸ್' ಸರಣಿಯ 'ಸೋಲೋ' ಸಿನಿಮಾದ ಇಬ್ಬರು ಡೈರೆಕ್ಟರ್‌ಗಳನ್ನು ಶೂಟಿಂಗ್ ನಡುವೆಯೇ ತೆಗೆದುಹಾಕಿದಾಗ ಕರೆ ಹೋದದ್ದು ಇವನಿಗೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಡೈಲಿ ಸೀರಿಯಲ್‌ನಲ್ಲಿ ಒಂದೆರಡು ವರ್ಷ ಮುಖ್ಯ ಪಾತ್ರ ಮಾಡಿ, ಜನ ನಿಮ್ಮನ್ನು ಪಾತ್ರದ ಹೆಸರಿನಿಂದ ಕರೆಯೋಕೆ ಶುರು ಮಾಡಿದ್ದಾರೆ ಅಂದರೆ, ಅಗ್ರಿಮೆಂಟ್ ಮುಂದುವರಿಸುವ ಹೊತ್ತಿಗೆ ನಿಮ್ಮ ಮಾತಿಗೆ ಸ್ವಲ್ಪ ತೂಕ ಇರುತ್ತದೆ. ಆಗ ಎಲ್ಲರೂ ದಿನದ ಪೇಮೆಂಟ್ ಜಾಸ್ತಿ ಮಾಡಿ ಅಂತ ಕೇಳುತ್ತಾರೆ. ತಪ್ಪೇನಿಲ್ಲ, ಮನೆ ಬಾಡಿಗೆ ಕಟ್ಟಬೇಕಲ್ಲ. ಆದರೆ ಎರಡು ಎಪಿಸೋಡ್ ನನಗೆ ಡೈರೆಕ್ಟ್ ಮಾಡೋಕೆ ಕೊಡಿ, ಬೇಕಾದರೆ ಆ ದಿನಗಳ ಪೇಮೆಂಟ್ ಬೇಡ ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಕೇಳಿದರೆ ಇಲ್ಲ ಅನ್ನಬಹುದು. ಕಾರ್ಮನ್ ಕೂಡ ಮೊದಲು ಕರೆದದ್ದು ಬರೀ ನಟನೆಗೇ.